ಕಡಲಾಮೆಯೂ ಉಳಿಯಬೇಕು, ಮೀನುಗಾರರ ಒಲೆಯೂ ಉರಿಯಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಾಮೆಯ ಮಾತು ಎತ್ತಿದರೆ ಬಂದರಿನಲ್ಲಿ ಮುಖಗಳು ಬಿಗಿಯುತ್ತವೆ. ಮೀನುಗಾರರ ಹೊಟ್ಟೆಪಾಡಿನ ಮಾತು ಎತ್ತಿದರೆ ಪ್ರಾಣಿಪ್ರಿಯರ ಸಭೆಯಲ್ಲಿ ಮೌನ ಆವರಿಸುತ್ತದೆ. ಎರಡೂ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಆಮೆ ಉಳಿಸುವ ಖರ್ಚನ್ನೆಲ್ಲ ಸಣ್ಣ ದೋಣಿಯವರ ತಲೆಗೆ ಕಟ್ಟುವ ಯಾವ ಯೋಜನೆಯೂ ಬಹುಕಾಲ ಬಾಳುವುದಿಲ್ಲ.

ಮೀನುಗಾರರು ಆಮೆಯನ್ನು ಬೇಕೆಂದೇ ಹಿಡಿಯುತ್ತಾರೆಯೇ?

ಹಿಂದೆ ಹಿಡಿಯುತ್ತಿದ್ದುದುಂಟು. 1960 ಮತ್ತು 70ರ ದಶಕಗಳಲ್ಲಿ ಮೆಕ್ಸಿಕೋದಲ್ಲಿ ಚರ್ಮಕ್ಕಾಗಿ ಆಲಿವ್ ರಿಡ್ಲಿ ಆಮೆಗಳನ್ನು ಲೆಕ್ಕವಿಲ್ಲದಷ್ಟು ಕೊಂದರು. ಒಡಿಶಾದ ತೀರದಿಂದ ಕೋಲ್ಕತ್ತಾದ ಮಾರುಕಟ್ಟೆಗೆ ರೈಲಿನಲ್ಲಿ ಜೀವಂತ ಆಮೆಗಳು ಹೋಗುತ್ತಿದ್ದವು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಕಡಲಾಮೆಗಳು ಸೇರಿದ ಮೇಲೆ, ಮೆಕ್ಸಿಕೋ 1990ರಲ್ಲಿ ಸಂಪೂರ್ಣ ನಿಷೇಧ ಹೇರಿದ ಮೇಲೆ ಆ ದೊಡ್ಡ ವ್ಯಾಪಾರ ನಿಂತಿತು.

ಇಂದಿನ ಸಮಸ್ಯೆ ಬೇರೆ. ಮೀನಿಗೆಂದು, ಸಿಗಡಿಗೆಂದು ಬಿಟ್ಟ ಬಲೆಗೆ ಆಮೆ ತಾನಾಗಿ ಬೀಳುತ್ತದೆ. ಆಮೆಗೆ ಕಿವಿರುಗಳಿಲ್ಲ, ಶ್ವಾಸಕೋಶಗಳಿವೆ. ಉಸಿರಾಡಲು ಅದು ಮೇಲೆ ಬರಲೇಬೇಕು. ನೆಮ್ಮದಿಯಾಗಿ ಮಲಗಿದ ಆಮೆ ನೀರಿನಡಿ ಗಂಟೆಗಟ್ಟಲೆ ಇರಬಲ್ಲದು. ಬಲೆಯೊಳಗೆ ಒದ್ದಾಡುವಾಗ ಮಾತ್ರ ಒಳಗಿದ್ದ ಆಮ್ಲಜನಕ ಬೇಗ ತೀರಿಹೋಗುತ್ತದೆ. ಟ್ರಾಲ್ ಬಲೆಯನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಎಳೆದರೆ ಒಳಗಿನ ಆಮೆ ಸಾಯುವ ಸಂಭವ ಏರುತ್ತಾ ಹೋಗುತ್ತದೆ. ಸತ್ತ ಆಮೆ ಯಾವ ಮೀನುಗಾರನಿಗೂ ಬೇಡ. ಬಲೆ ಹರಿಯುತ್ತದೆ, ಹೊತ್ತು ಹೋಗುತ್ತದೆ, ಮೇಲಿಂದ ಕೇಸಿನ ಭಯ.

ಮೊಟ್ಟೆಗಳನ್ನು ಕಾಯ್ದು ಮರಿಗಳನ್ನು ಕಡಲಿಗೆ ಬಿಟ್ಟರೆ ಸಾಲದೇ?

ಸಾಲದು. ಹೆಣ್ಣು ಆಲಿವ್ ರಿಡ್ಲಿ ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಅವುಗಳಿಂದ ಹೊರಬಂದ ಮರಿಗಳಲ್ಲಿ ಸಾವಿರಕ್ಕೊಂದು ದೊಡ್ಡದಾದರೆ ಹೆಚ್ಚು ಎನ್ನುವುದು ರೂಢಿಯ ಅಂದಾಜು. ಹಸಿರು ಆಮೆ ಮೊದಲ ಮೊಟ್ಟೆ ಇಡುವ ವಯಸ್ಸಿಗೆ ಬರಲು ಎರಡು ಮೂರು ದಶಕಗಳೇ ಬೇಕು. ಅಷ್ಟೆಲ್ಲ ದಾಟಿ ಬಂದ ಒಂದು ದೊಡ್ಡ ಆಮೆ ಬಲೆಯಲ್ಲಿ ಸತ್ತರೆ ಅದರ ಜಾಗ ತುಂಬಲು ಎಷ್ಟೋ ಗೂಡುಗಳು ಬೇಕಾಗುತ್ತವೆ.

ಅಮೆರಿಕದ ವಿಜ್ಞಾನಿಗಳು 1987ರಲ್ಲಿ ಲಾಗರ್‌ಹೆಡ್ ಆಮೆಗಳ ಲೆಕ್ಕ ಹಾಕಿ ಇದನ್ನೇ ತೋರಿಸಿದರು. ತೀರದ ಮೊಟ್ಟೆಗಳನ್ನೆಲ್ಲ ಉಳಿಸಿದರೂ, ಬೆಳೆದ ಆಮೆಗಳು ಬಲೆಯಲ್ಲಿ ಸಾಯುತ್ತಿದ್ದರೆ ಸಂತತಿ ಇಳಿಯುತ್ತಲೇ ಇರುತ್ತದೆ. ಕೆಂಪ್ಸ್ ರಿಡ್ಲಿ ಎಂಬ ಇನ್ನೊಂದು ಜಾತಿಯ ಕಡಲಾಮೆಯ ಕಥೆ ಇದಕ್ಕೆ ಸಾಕ್ಷಿ. 1947ರಲ್ಲಿ ಮೆಕ್ಸಿಕೋದ ರಾಂಚೋ ನುಯೆವೋ ತೀರಕ್ಕೆ ಒಂದೇ ದಿನ ಸುಮಾರು 40,000 ಹೆಣ್ಣಾಮೆಗಳು ಬಂದಿದ್ದವೆಂದು ಆಗಿನ ಚಿತ್ರೀಕರಣ ನೋಡಿ ಅಂದಾಜಿಸಲಾಗಿದೆ. 1985ರಲ್ಲಿ ಇಡೀ ವರ್ಷಕ್ಕೆ ಸಿಕ್ಕಿದ್ದು 702 ಗೂಡು. ಮೊಟ್ಟೆಗಳಿಗೆ 1960ರ ದಶಕದಿಂದಲೇ ಕಾವಲಿತ್ತು, ಆದರೂ ಇಳಿಕೆ ನಿಲ್ಲಲಿಲ್ಲ. ಕಾವಲಿನ ಜೊತೆಗೆ ಸಿಗಡಿ ಬಲೆಗಳಿಗೆ ಆಮೆ ಹೊರಹೋಗುವ ದಾರಿ ಮಾಡಿದ ಮೇಲೆಯೇ ಗೂಡುಗಳು ಏರತೊಡಗಿದ್ದು. 2009ರ ಹೊತ್ತಿಗೆ 20,000 ದಾಟಿದವು.

ಹಾಗೆಂದು ತೀರದಲ್ಲಿ ರಾತ್ರಿಯೆಲ್ಲ ಕಾವಲು ಕೂರುವವರ ಕೆಲಸ ಸಣ್ಣದಲ್ಲ. ಕಡಲಿನೊಳಗಿನ ಕೆಲಸವೂ ಜೊತೆಗೆ ನಡೆದರೆ ಮಾತ್ರ ಅವರ ಶ್ರಮ ಕೈಗೂಡುತ್ತದೆ.

ಎಲ್ಲ ಬಗೆಯ ಮೀನುಗಾರಿಕೆಯಿಂದಲೂ ಒಂದೇ ಸಮ ಅಪಾಯವೇ?

ಖಂಡಿತ ಇಲ್ಲ. ನಿಯಮ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ತಳ ಗುಡಿಸಿಕೊಂಡು ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬಲೆ ಅತಿ ಅಪಾಯಕಾರಿ. ಗೋಡೆಯಂತೆ ನೀರಿನಲ್ಲಿ ನಿಲ್ಲಿಸಿ ರಾತ್ರಿಯಿಡೀ ಬಿಡುವ ಗಿಲ್‌ನೆಟ್, ಅದರಲ್ಲೂ ದೊಡ್ಡ ಕಣ್ಣಿನದು, ಕೆಲವು ಕಡೆ ಟ್ರಾಲ್‌ಗಿಂತಲೂ ಹೆಚ್ಚು ಆಮೆಗಳನ್ನು ಕೊಲ್ಲುತ್ತದೆ. ಹತ್ತಾರು ಕಿಲೋಮೀಟರ್ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟುವ ಲಾಂಗ್‌ಲೈನ್‌ನಲ್ಲಿ ಲಾಗರ್‌ಹೆಡ್, ಲೆದರ್‌ಬ್ಯಾಕ್ ಆಮೆಗಳು ಸಿಗುತ್ತವೆ. ಇತ್ತ ತೀರದಿಂದ ಕೈಯಲ್ಲಿ ಎಳೆಯುವ ಬಲೆಗೆ ಆಮೆ ಬಿದ್ದರೂ ಅದು ಹೆಚ್ಚಾಗಿ ಜೀವಂತವಾಗಿ ದಡಕ್ಕೆ ಬರುತ್ತದೆ, ಎತ್ತಿ ನೀರಿಗೆ ಬಿಟ್ಟರೆ ಮುಗಿಯಿತು. ಒಂದೊಂದೇ ಗಾಳ ಬಿಡುವ ನಾಡದೋಣಿಯಿಂದ ಆಮೆಗೆ ಆಗುವ ಹಾನಿ ತೀರಾ ಕಡಿಮೆ.

ಇವರೆಲ್ಲರಿಗೂ ಒಂದೇ ನಿಯಮ ಹೇರಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ. ದೊಡ್ಡ ಟ್ರಾಲರ್ ಮಾಲೀಕ ದಂಡ ಕಟ್ಟಿ ಮತ್ತೆ ಕಡಲಿಗೆ ಇಳಿಯುತ್ತಾನೆ. ಸಣ್ಣ ದೋಣಿಯವನ ಬಲೆ ಜಪ್ತಿಯಾದರೆ ಆ ಹಂಗಾಮೇ ಅವನ ಕೈತಪ್ಪುತ್ತದೆ.

ಟೆಡ್ ಎಂದರೇನು? ಅದನ್ನು ಹಾಕಿದರೆ ಹಿಡಿದ ಸಿಗಡಿ ತಪ್ಪಿಹೋಗುವುದಿಲ್ಲವೇ?

ಟೆಡ್ ಎಂದರೆ ಟ್ರಾಲ್ ಬಲೆಯಿಂದ ಆಮೆಯನ್ನು ಹೊರಬಿಡುವ ಸಾಧನ (ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್). ಟ್ರಾಲ್ ಬಲೆ ಬಾಯಿ ಅಗಲವಾಗಿ, ಹಿಂದಕ್ಕೆ ಹೋದಂತೆ ಕಿರಿದಾಗುತ್ತಾ ಕೊನೆಗೆ ಚೀಲವಾಗುತ್ತದೆ. ಮೀನು, ಸಿಗಡಿ ಬಂದು ತುಂಬುವುದು ಆ ಚೀಲದಲ್ಲಿ. ಚೀಲಕ್ಕೆ ಸ್ವಲ್ಪ ಮುಂಚೆ ಓರೆಯಾಗಿ ಒಂದು ಲೋಹದ ಜಾಲರಿಯನ್ನು ಹೊಲಿಯುತ್ತಾರೆ. ಕಿಟಕಿಯ ಸರಳುಗಳನ್ನು ಒರಗಿಸಿ ಇಟ್ಟ ಹಾಗೆ ಕಾಣುತ್ತದೆ. ಅಮೆರಿಕದ ನಿಯಮದಲ್ಲಿ ಎರಡು ಸರಳುಗಳ ನಡುವಿನ ಸಂದು ಸುಮಾರು 10 ಸೆಂಟಿಮೀಟರ್ ಮೀರುವಂತಿಲ್ಲ. ಸಿಗಡಿ ಆ ಸಂದಿಯಲ್ಲಿ ನುಸುಳಿ ಚೀಲ ಸೇರುತ್ತದೆ. ಆಮೆ ಬಂದು ಸರಳಿಗೆ ತಾಗಿ, ಓರೆಗುಂಟ ಜಾರಿ, ಮೇಲೆ ಅಥವಾ ಕೆಳಗೆ ಕತ್ತರಿಸಿಟ್ಟ ತೂತಿನಿಂದ ಹೊರಬೀಳುತ್ತದೆ. ತೂತಿನ ಮೇಲೆ ಬಲೆಯದೇ ಒಂದು ಪರದೆ ಇರುತ್ತದೆ. ಆಮೆ ಒತ್ತಿದಾಗ ತೆರೆದುಕೊಳ್ಳುತ್ತದೆ, ಉಳಿದ ಹೊತ್ತು ನೀರಿನ ಸೆಳೆತಕ್ಕೆ ಮುಚ್ಚಿಕೊಂಡಿರುತ್ತದೆ. ಸರಿಯಾಗಿ ಕೂರಿಸಿದರೆ ಬಲೆಯೊಳಗೆ ಬಂದ ಆಮೆಗಳಲ್ಲಿ ಶೇ 97ರಷ್ಟು ಪಾರಾಗುತ್ತವೆ.

ಈ ಸಾಧನ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ ಎನ್ನುವುದು ನನಗೆ ಬಹಳ ಮುಖ್ಯವಾದ ಸಂಗತಿ. ಅಮೆರಿಕದ ಜಾರ್ಜಿಯಾದಲ್ಲಿ ಸಿಂಕಿ ಬೂನ್ ಎಂಬ ಸಿಗಡಿ ಮೀನುಗಾರ, ಬಲೆಗೆ ರಾಶಿ ರಾಶಿಯಾಗಿ ನುಗ್ಗುತ್ತಿದ್ದ ಲೋಳೆಮೀನುಗಳ ಕಾಟ ತಾಳಲಾರದೆ ಮಾಡಿಕೊಂಡ ಜಾಲರಿ ಅದು. ಆಮೆಯೂ ಅದರಿಂದ ಹೊರಹೋಗುತ್ತದೆಂದು ತಿಳಿದದ್ದು ಆಮೇಲೆ. ಭಾರತದಲ್ಲಿ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಲ್ಲಿನ ಬಲೆಗಳಿಗೆ ಹೊಂದುವ ಮಾದರಿಯೊಂದನ್ನು ರೂಪಿಸಿದೆ.

ಸಿಗಡಿ ತಪ್ಪಿಹೋಗುವ ಪ್ರಶ್ನೆಗೆ ನೇರ ಉತ್ತರ: ಸ್ವಲ್ಪ ಹೋಗುತ್ತದೆ. ಓರೆ ಸರಿಯಿದ್ದು ಸಂದಿಗಳು ತೆರವಾಗಿದ್ದರೆ ಆ ನಷ್ಟ ಚಿಕ್ಕದು. ಕಸ, ಕೊಂಬೆ ಸಿಕ್ಕಿ ಜಾಲರಿ ಕಟ್ಟಿಕೊಂಡ ದಿನ ದೊಡ್ಡದಾಗಬಹುದು. ಸಿಗಡಿಗಿಂತ ದೊಡ್ಡ ಮೀನಿನ ಮೇಲೆ ಆದಾಯ ನಿಂತಿರುವ ದೋಣಿಗಳಿಗೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಆಮೆಯ ಜೊತೆ ದೊಡ್ಡ ಮೀನೂ ಜಾರಿಹೋಗುತ್ತದೆ. ಈ ಮಾತನ್ನು ಮುಚ್ಚಿಟ್ಟು "ಏನೂ ನಷ್ಟವಿಲ್ಲ" ಎಂದು ಸಾರಿದ್ದರಿಂದಲೇ ಎಷ್ಟೋ ಕಡೆ ನಂಬಿಕೆ ಕೆಟ್ಟಿದೆ.

ಅಷ್ಟು ಒಳ್ಳೆಯ ಸಾಧನವಾದರೆ ಒಪ್ಪಿಕೊಳ್ಳಲು ಇಷ್ಟು ಜಗಳ ಏಕೆ?

ಅದು ಬಂದ ದಾರಿ ಸರಿಯಿರಲಿಲ್ಲ. ಅಮೆರಿಕದಲ್ಲೇ 1987ರಲ್ಲಿ ಕಡ್ಡಾಯ ಮಾಡಿದಾಗ ಸಿಗಡಿ ಮೀನುಗಾರರು ಸಿಡಿದೆದ್ದಿದ್ದರು. 1989ರಲ್ಲಿ ಬಂದ ಕಾನೂನಿನ 609ನೇ ಕಲಮು, ಆಮೆ ರಕ್ಷಣೆಯ ಇಂಥ ವ್ಯವಸ್ಥೆ ಇಲ್ಲದ ದೇಶಗಳಿಂದ ಕಡಲ ಸಿಗಡಿ ಆಮದನ್ನು ತಡೆಯಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರ ಮೇಲ್ಮನವಿ ತೀರ್ಪು ಆಮೆ ಉಳಿಸುವ ಉದ್ದೇಶವನ್ನು ಒಪ್ಪಿತು. ಆದರೆ ದೇಶ ದೇಶಗಳ ನಡುವೆ ತಾರತಮ್ಯ ಮಾಡಿ, ಮಾತುಕತೆಯಿಲ್ಲದೆ ಹೇರಿದ ರೀತಿಯನ್ನು ತಪ್ಪೆಂದಿತು. ಅಮೆರಿಕ ಆ ರೀತಿಯನ್ನು ತಿದ್ದಿಕೊಂಡ ಮೇಲೆ 2001ರಲ್ಲಿ ಅದರ ಕ್ರಮ ಊರ್ಜಿತವಾಯಿತು. 2019ರಿಂದ ಭಾರತದ ಕಡಲಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಬಾಗಿಲು ಮುಚ್ಚಿದೆ. ಸಾಕಿದ ಸಿಗಡಿಗೆ ಈ ತಡೆ ಇಲ್ಲ.

ಇದನ್ನೆಲ್ಲ ದೋಣಿಯ ಮೇಲೆ ನಿಂತು ನೋಡಿದರೆ ಕಾಣುವುದೇ ಬೇರೆ. ಎಲ್ಲೋ ದೂರದ ರಾಜಧಾನಿಯಲ್ಲಿ ತೀರ್ಮಾನ, ಇಲ್ಲಿ ಸಿಗಡಿಯ ದರ ಕುಸಿತ. ಜಾಲರಿಯನ್ನು ಕೈಗೆ ಕೊಟ್ಟು ಹೋದವರು ಅದು ಕಟ್ಟಿಕೊಂಡಾಗ ಏನು ಮಾಡಬೇಕೆಂದು ತೋರಿಸಲು ಮತ್ತೆ ಬರದಿದ್ದರೆ ಆ ಜಾಲರಿ ಮನೆಯ ಅಟ್ಟ ಸೇರುತ್ತದೆ. ಮೀನುಗಾರರ ಸಂಘದ ಜೊತೆ ಕೂತು, ಅವರದೇ ಬಲೆಯಲ್ಲಿ, ಅವರದೇ ನೀರಿನಲ್ಲಿ ಒಂದು ಹಂಗಾಮು ಪ್ರಯೋಗ ಮಾಡಿ, ಹಿಡಿದದ್ದನ್ನು ಎಲ್ಲರ ಎದುರು ತೂಗಿ ತೋರಿಸಬೇಕು. ಮೊದಲ ವರ್ಷದ ನಷ್ಟವನ್ನು ಸರ್ಕಾರವೋ ರಫ್ತುದಾರರೋ ತುಂಬಿಕೊಡಬೇಕು.

ಗಿಲ್‌ನೆಟ್ ಮತ್ತು ಗಾಳಗಳಿಗೆ ಪರಿಹಾರ ಇದೆಯೇ?

ಇದೆ. ಹವಾಯಿಯ ಕತ್ತಿಮೀನು ಲಾಂಗ್‌ಲೈನ್ ಮೀನುಗಾರಿಕೆಯನ್ನು ಆಮೆಗಳ ಸಾವಿನ ಕಾರಣಕ್ಕೆ 2001ರಲ್ಲಿ ಮುಚ್ಚಿದ್ದರು. 2004ರಲ್ಲಿ ತೆರೆದಾಗ ಷರತ್ತುಗಳಿದ್ದವು: ಜೆ ಆಕಾರದ ಗಾಳದ ಬದಲು ತುದಿ ಒಳಕ್ಕೆ ಬಾಗಿದ ದುಂಡು ಗಾಳ, ಬೊಂಡಾಸದ (ಸ್ಕ್ವಿಡ್) ಬದಲು ಬಂಗುಡೆಯಂಥ ಮೀನಿನ ಎರೆ, ಪ್ರತಿ ದೋಣಿಯಲ್ಲೂ ಒಬ್ಬ ವೀಕ್ಷಕ, ವರ್ಷಕ್ಕೆ ಇಷ್ಟೇ ಆಮೆ ಸಿಗಬಹುದೆಂಬ ಮಿತಿ. ಆಮೆಗಳು ಸಿಗುವುದು ಬಹುಪಾಲು ತಗ್ಗಿತು, ಮೀನುಗಾರಿಕೆಯೂ ಉಳಿಯಿತು.

ಗಿಲ್‌ನೆಟ್‌ಗೆ ಪೆರುವಿನಲ್ಲಿ ನಡೆದ ಪ್ರಯೋಗ ಆಸೆ ಹುಟ್ಟಿಸುತ್ತದೆ. ಬಲೆಯ ತೇಲುಹಗ್ಗಕ್ಕೆ ಹಸಿರು ಎಲ್‌ಇಡಿ ದೀಪಗಳನ್ನು ಕಟ್ಟಿದಾಗ ಹಸಿರು ಆಮೆಗಳು ಸಿಕ್ಕಿಬೀಳುವುದು ಶೇ 64ರಷ್ಟು ಕಡಿಮೆಯಾಯಿತು, ಬೇಕಾದ ಮೀನು ಕಡಿಮೆಯಾಗಲಿಲ್ಲ. ದೀಪ, ಬ್ಯಾಟರಿಗಳ ಖರ್ಚು ಯಾರದು ಎಂಬ ಪ್ರಶ್ನೆ ಇಲ್ಲೂ ಏಳುತ್ತದೆ. ಖರ್ಚೇ ಇಲ್ಲದ ದಾರಿಯೂ ಒಂದಿದೆ. ಬಲೆ ಬಿಟ್ಟು ಮನೆಗೆ ಬರುವ ಬದಲು ಹತ್ತಿರದಲ್ಲೇ ಇದ್ದು ಬೇಗ ಬೇಗ ಎತ್ತಿ ನೋಡುವುದು. ಮೀನೂ ತಾಜಾ ಇರುತ್ತದೆ.

ಆಮೆ ಬರುವ ಕಾಲದಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸುವುದು ಸರಿಯೇ?

ಒಡಿಶಾ ಇದರ ಬಲು ದೊಡ್ಡ ಪಾಠಶಾಲೆ. 1997ರಲ್ಲಿ ಸುಮಾರು 1,435 ಚದರ ಕಿಲೋಮೀಟರ್‌ನ ಗಹಿರ್ಮಾಥಾ ಸಾಗರ ಅಭಯಾರಣ್ಯ ಘೋಷಣೆಯಾಯಿತು. ಧಾಮ್ರಾ, ದೇವಿ, ಋಷಿಕುಲ್ಯ ನದೀಮುಖಗಳ ಬಳಿ ಪ್ರತಿವರ್ಷ ನವೆಂಬರ್ 1ರಿಂದ ಮೇ 31ರವರೆಗೆ ತೀರದಿಂದ 20 ಕಿಲೋಮೀಟರ್ ತನಕ ನಿಷೇಧ. ಏಪ್ರಿಲ್ 15ರಿಂದ ಪೂರ್ವ ಕರಾವಳಿಗೆಲ್ಲ ಅನ್ವಯಿಸುವ 61 ದಿನಗಳ ಮೀನುಗಾರಿಕೆ ರಜೆಯೂ ಇದಕ್ಕೆ ಸೇರಿಕೊಂಡು ಜೂನ್ ಮಧ್ಯದವರೆಗೆ ಎಳೆಯುತ್ತದೆ. ಏಳೂವರೆ ತಿಂಗಳು! ಉಳಿದ ನಾಲ್ಕೂವರೆ ತಿಂಗಳಲ್ಲಿ ಮಳೆಗಾಲದ ಒರಟು ಕಡಲೂ ಸೇರಿದೆ.

ಫಲ ಇಲ್ಲವೆಂದಲ್ಲ. 2025ರಲ್ಲಿ ಋಷಿಕುಲ್ಯ ಒಂದರಲ್ಲೇ 6 ಲಕ್ಷಕ್ಕೂ ಹೆಚ್ಚು ಆಮೆಗಳು ಮೊಟ್ಟೆ ಇಟ್ಟವು. ಮುಸ್ಸಂಜೆಯಿಂದ ಬೆಳಗಿನವರೆಗೆ ಮರಳು ಕಾಣದಷ್ಟು ಆಮೆಗಳು, ಒಂದು ಅಗೆದ ಗುಂಡಿಯನ್ನು ಇನ್ನೊಂದು ಅಗೆಯುತ್ತಾ, ಮರಳನ್ನು ರಪರಪನೆ ಹಿಂದಕ್ಕೆ ಎರಚುತ್ತಾ ಇರುತ್ತವೆ. ಅದನ್ನು ಬೇಡವೆನ್ನುವ ಮನಸ್ಸು ಯಾರಿಗೂ ಬಾರದು.

ನನ್ನ ತಕರಾರು ಇರುವುದು ನಿಷೇಧದ ಅಗಲದ ಬಗ್ಗೆ. ಆಮೆಗಳು ಕೂಡುವ ನೀರು ಸಾಮಾನ್ಯವಾಗಿ ಗೂಡಿನ ತೀರದ ಹತ್ತಿರದ ಒಂದು ಸೀಮಿತ ಪ್ರದೇಶ, ಅದು ದಿನದಿಂದ ದಿನಕ್ಕೆ ಸ್ವಲ್ಪ ಸರಿದಾಡುತ್ತದೆ. ಅದು ಎಲ್ಲಿದೆಯೆಂದು ಸುತ್ತಲಿನ ದೋಣಿಯವರಿಗೇ ಮೊದಲು ತಿಳಿಯುತ್ತದೆ. ಅವರಿಂದಲೇ ಮಾಹಿತಿ ಪಡೆದು ಆ ಜಾಗವನ್ನು ಬಿಗಿಯಾಗಿ ಮುಚ್ಚಿ, ಅದರಾಚೆ ಸಣ್ಣ ದೋಣಿಗಳನ್ನು ಬಿಡಬಹುದು. ಒಡಿಶಾದಲ್ಲಿ ಸಾಂಪ್ರದಾಯಿಕ ಮೀನುಗಾರರೂ ಸಂರಕ್ಷಣಾ ಸಂಸ್ಥೆಗಳೂ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡದ್ದು ಈ ದಿಕ್ಕಿನ ಹೆಜ್ಜೆ. ತೀರದ ಬಳಿ ಟ್ರಾಲರ್ ಬರಬಾರದು ಎಂಬ ಬೇಡಿಕೆ ಇಬ್ಬರದೂ ಆಗಿತ್ತು. ಆಮೆಯ ಸಾವಿಗೂ ನಾಡದೋಣಿಯವರ ಬಲೆ ಹರಿಯುವುದಕ್ಕೂ ಕಾರಣ ಅದೇ ಟ್ರಾಲರ್.

ಪರಿಹಾರದ ಹಣ ಕೊಟ್ಟರೆ ಸಮಸ್ಯೆ ಮುಗಿಯಿತಲ್ಲ?

ಹಣ ಬೇಕು, ಸಮಯಕ್ಕೆ ಬೇಕು. ನಿಷೇಧ ಮುಗಿದು ಎಷ್ಟೋ ತಿಂಗಳಿಗೆ ಕೈಸೇರುವ ಹಣ ಅಷ್ಟರಲ್ಲಿ ಮಾಡಿದ ಸಾಲದ ಬಡ್ಡಿಗೇ ಹೋಗುತ್ತದೆ. ದೋಣಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಕೊಟ್ಟರೆ, ದಿನಗೂಲಿಗೆ ಬಲೆ ಎಳೆಯುವವರು, ಮೀನು ಒಣಗಿಸುವ, ಬುಟ್ಟಿ ಹೊತ್ತು ಮಾರುವ ಹೆಂಗಸರು ಪಟ್ಟಿಯಿಂದಲೇ ಹೊರಗೆ.

ಮಹಾರಾಷ್ಟ್ರದ ಒಂದು ಯೋಜನೆ ನನಗೆ ಇಷ್ಟ. ಬಲೆಗೆ ಬಿದ್ದ ಸಂರಕ್ಷಿತ ಕಡಲ ಜೀವಿಯನ್ನು ಮೀನುಗಾರ ಬಲೆ ಕತ್ತರಿಸಿ ಬಿಟ್ಟರೆ, ಅದರ ಫೋಟೋ ಅಥವಾ ವಿಡಿಯೋ ತೋರಿಸಿದರೆ, ಬಲೆಯ ನಷ್ಟಕ್ಕೆ ಗರಿಷ್ಠ 25,000 ರೂಪಾಯಿ ಸಿಗುತ್ತದೆ. 2018ರಲ್ಲಿ ಶುರುವಾದದ್ದು. ತಪ್ಪಿತಸ್ಥನಂತೆ ಅಡಗಬೇಕಿದ್ದವನು ಇಲ್ಲಿ ಮೊಬೈಲ್ ಹಿಡಿದು ಸಾಕ್ಷಿಯಾಗಿ ನಿಲ್ಲುತ್ತಾನೆ.

ಆಮೆ ನೋಡಲು ಬರುವ ಪ್ರವಾಸಿಗಳಿಂದ ಮೀನುಗಾರರು ಬದುಕಬಹುದೇ?

ಕೆಲವು ಕುಟುಂಬಗಳು ಬದುಕಬಹುದು, ಊರಿಗೆ ಊರೇ ಕಷ್ಟ. ಬ್ರೆಜಿಲ್‌ನ ತಮಾರ್ ಯೋಜನೆ 1980ರಿಂದ ಮೀನುಗಾರರನ್ನೇ ಗೂಡು ಕಾಯುವ ಸಂಬಳದ ಕೆಲಸಕ್ಕೆ ತೆಗೆದುಕೊಂಡಿತು. ಸಂದರ್ಶಕರ ಕೇಂದ್ರ, ಹೊಲಿಗೆ, ಕರಕುಶಲ ವಸ್ತುಗಳ ಮಾರಾಟದಿಂದ ಮಹಿಳೆಯರಿಗೂ ದುಡಿಮೆ ಸಿಕ್ಕಿತು. ಮಹಾರಾಷ್ಟ್ರದ ವೇಳಾಸ್ ಎಂಬ ಹಳ್ಳಿಯಲ್ಲಿ ಆಮೆ ಉತ್ಸವದ ದಿನಗಳಲ್ಲಿ ಅತಿಥಿಗಳು ಊರಿನವರ ಮನೆಗಳಲ್ಲೇ ತಂಗುತ್ತಾರೆ, ಹಣ ಮಧ್ಯವರ್ತಿಗೆ ಹೋಗುವುದಿಲ್ಲ. ಇದೆಲ್ಲ ವರ್ಷದ ಕೆಲವೇ ವಾರಗಳ ಸಂಪಾದನೆ. ಮೀನುಗಾರಿಕೆಗೆ ಜೊತೆಯಾಗಿ ಚೆಂದ, ಬದಲಿಯಾಗಿ ಅಲ್ಲ. ಟಾರ್ಚು, ಫ್ಲ್ಯಾಶ್ ಹಿಡಿದು ಮರಿಗಳ ಮೇಲೆ ಮುಗಿಬೀಳುವ ಗುಂಪಾದರೆ ಅದೂ ಹಾಳು.

ಆಮೆ ಮೊಟ್ಟೆ ತೆಗೆಯಲು ಕಾನೂನೇ ಬಿಟ್ಟ ಊರಿದೆಯಂತೆ, ನಿಜವೇ?

ನಿಜ. ಕೋಸ್ಟಾರಿಕಾದ ಒಸ್ತಿಯೊನಾಲ್. ಅಲ್ಲಿ ಸಾಮೂಹಿಕವಾಗಿ ಬರುವ ಆಮೆಗಳಲ್ಲಿ ಮೊದಲ ದಿನಗಳವುಗಳ ಗೂಡನ್ನು ಆಮೇಲೆ ಬಂದವು ಅಗೆದು ಹಾಳುಮಾಡುತ್ತವೆ. ಹೇಗೂ ಹಾಳಾಗುವ ಆ ಮೊಟ್ಟೆಗಳನ್ನು ಊರವರು ತೆಗೆದು ಮಾರಲು 1987ರಿಂದ ಅನುಮತಿ ಇದೆ. ಬದಲಿಗೆ ಅವರು ತೀರ ಸ್ವಚ್ಛ ಮಾಡುತ್ತಾರೆ, ಕಳ್ಳರನ್ನು ತಡೆಯುತ್ತಾರೆ, ಮರಿಗಳಿಗೆ ಕಾವಲಿರುತ್ತಾರೆ. ಒಂದೊಂದೇ ಆಮೆ ಬರುವ ತೀರಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಆಮೆಗಳು ಹೆಚ್ಚಾದರೆ ಮೀನುಗಾರರಿಗೆ ನಿಜವಾಗಿಯೂ ತೊಂದರೆಯಾಗುತ್ತದೆಯೇ?

ಆಗಬಹುದು, ಈ ಮಾತನ್ನು ಹೇಳಲು ಸಂರಕ್ಷಕರು ಹಿಂಜರಿಯಬಾರದು. ಲಕ್ಷದ್ವೀಪದ ಅಗತ್ತಿಯ ಹಿನ್ನೀರಿನಲ್ಲಿ ಹಸಿರು ಆಮೆಗಳು ದಟ್ಟವಾಗಿ ಸೇರಿ ಕಡಲಹುಲ್ಲನ್ನು ಮೇಯ್ದು ಬರಿದು ಮಾಡಿದವು. ಆ ಹುಲ್ಲಿನಲ್ಲಿ ಆಶ್ರಯ ಪಡೆಯುವ ಮೀನುಗಳೂ ಕಡಿಮೆಯಾದವು ಎಂಬುದು ಮೀನುಗಾರರ ದೂರು. ಸಂಶೋಧಕರು ಹೋಗಿ ನೋಡಿದಾಗ ಆ ದೂರಿಗೆ ಆಧಾರವಿತ್ತು. 2025ರಲ್ಲಿ, ಜೀವಿಗಳಿಗಿರುವ ಅಳಿವಿನ ಅಪಾಯವನ್ನು ಗುರುತಿಸುವ ಜಾಗತಿಕ ಕೆಂಪುಪಟ್ಟಿಯಲ್ಲಿ ಹಸಿರು ಆಮೆ ಅಳಿವಿನಂಚಿನಿಂದ ಕನಿಷ್ಠ ಕಾಳಜಿಯ ವರ್ಗಕ್ಕೆ ಬಂದಿದೆ. ದಶಕಗಳ ದುಡಿಮೆಯ ಫಲ, ಮನಸ್ಸು ತುಂಬಿಬರುತ್ತದೆ. ಆದ್ದರಿಂದಲೇ ಅಗತ್ತಿಯಂಥ ದೂರುಗಳು ಇನ್ನು ಮುಂದೆ ಬೇರೆ ಕಡೆಯೂ ಕೇಳಿಬರಬಹುದು. ಆಮೆಗಳನ್ನು ಬೇಟೆಯಾಡುವ ದೊಡ್ಡ ಶಾರ್ಕ್‌ಗಳು ಕಡಿಮೆಯಾಗಿರುವುದೂ ಇದರಲ್ಲಿ ಸೇರಿದೆಯೇ ಎಂದು ನೋಡಬೇಕು.

ಮೀನುಗಾರರಿಗೇ ಏಕೆ ಇಷ್ಟು ಬುದ್ಧಿವಾದ? ಬೇರೆಯವರ ತಪ್ಪಿಲ್ಲವೇ?

ಇದೆ, ಬೇಕಾದಷ್ಟಿದೆ. ಕಡಲ್ಕೊರೆತಕ್ಕೆಂದು ಕಲ್ಲು ಸುರಿದ ತೀರದಲ್ಲಿ ಆಮೆ ಹತ್ತಲಾರದು. ರೆಸಾರ್ಟಿನ, ರಸ್ತೆಯ, ಕಾರ್ಖಾನೆಯ ಬೆಳಕಿಗೆ ಮರಿಗಳು ಕಡಲಿಗೆ ಬೆನ್ನುಹಾಕಿ ಊರಿನ ಕಡೆ ತೆವಳುತ್ತವೆ. ಹೊಸ ಬಂದರಿಗಾಗಿ ಹೂಳೆತ್ತಿದರೆ ಅಕ್ಕಪಕ್ಕದ ಮರಳುದಂಡೆಯೇ ಕರಗುತ್ತದೆ. ಅದೇ ಮರಳುದಂಡೆಯ ಮೇಲೆ ಮೀನುಗಾರರು ದೋಣಿ ಎಳೆದಿಡುತ್ತಾರೆ, ಮೀನು ಒಣಗಿಸುತ್ತಾರೆ. ಒಬ್ಬ ಮೀನುಗಾರನ ಬಲೆಯಲ್ಲಿ ಸತ್ತ ಆಮೆಯ ಚಿತ್ರ ಎಲ್ಲೆಡೆ ಓಡಾಡುತ್ತದೆ, ಇಲ್ಲವಾದ ತೀರದ ಚಿತ್ರ ಯಾರೂ ತೆಗೆಯುವುದಿಲ್ಲ.

ಒಂದು ತೀರದಲ್ಲಿ ನಿಯಮ ಮಾಡಿದರೆ ಸಾಕೇ?

2021ರಲ್ಲಿ ಒಡಿಶಾದಲ್ಲಿ ರೆಕ್ಕೆಗೆ 03233 ಎಂಬ ಬಿಲ್ಲೆ ಹಾಕಿಸಿಕೊಂಡ ಆಲಿವ್ ರಿಡ್ಲಿಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರ್‌ನಲ್ಲಿ ಮೊಟ್ಟೆ ಇಟ್ಟಿತು. ನಡುವೆ ಅದು ಎಷ್ಟು ಬಂದರುಗಳನ್ನು, ಎಷ್ಟು ಬಲೆಗಳನ್ನು ದಾಟಿರಬೇಕು! ಜಪಾನಿನಲ್ಲಿ ಹುಟ್ಟಿದ ಲಾಗರ್‌ಹೆಡ್‌ಗಳು ಮೆಕ್ಸಿಕೋದ ಬಾಹಾ ತೀರಕ್ಕೆ ಹೋಗಿ ಬೆಳೆಯುತ್ತವೆ. ಈ ದೇಶಗಳ ಮತ್ತು ಹವಾಯಿಯ ಮೀನುಗಾರರನ್ನೇ ಒಬ್ಬರ ಊರಿಗೆ ಒಬ್ಬರನ್ನು ಕರೆದೊಯ್ದು ಮಾತಾಡಿಸಿದ್ದು ಅಧಿಕಾರಿಗಳ ಸಭೆಗಿಂತ ಹೆಚ್ಚು ಕೆಲಸ ಮಾಡಿತು ಎಂದು ನಾನು ನಂಬುತ್ತೇನೆ.

ಬಲೆ ಎತ್ತಿದಾಗ ಆಮೆ ಸತ್ತಂತೆ ಬಿದ್ದಿದ್ದರೆ ಏನು ಮಾಡಬೇಕು?

ಕೂಡಲೇ ನೀರಿಗೆ ಎಸೆಯಬೇಡಿ. ಎಷ್ಟೋ ಸಲ ಅದು ಸತ್ತಿರುವುದಿಲ್ಲ, ಪ್ರಜ್ಞೆ ತಪ್ಪಿರುತ್ತದೆ. ಆ ಸ್ಥಿತಿಯಲ್ಲಿ ನೀರಿಗೆ ಬಿದ್ದರೆ ಮುಳುಗಿ ಸಾಯುತ್ತದೆ.

ಹೊಟ್ಟೆ ಕೆಳಗಾಗಿ ಮಲಗಿಸಿ. ಹಿಂಭಾಗದ ಅಡಿಗೆ ಹಳೆಯ ಟೈರು ಅಥವಾ ಸುತ್ತಿದ ಹಗ್ಗ ಇಟ್ಟು ಅರ್ಧ ಅಡಿಯಷ್ಟು ಎತ್ತರಿಸಿ, ಶ್ವಾಸಕೋಶದ ನೀರು ಬಾಯಿಂದ ಇಳಿಯಲಿ. ನೆರಳಿರಲಿ. ಚಿಪ್ಪು, ತಲೆ, ರೆಕ್ಕೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮೂಗಿನ ಹೊಳ್ಳೆ ಮುಚ್ಚಬೇಡಿ. ನೀರು ತುಂಬಿದ ತೊಟ್ಟಿಯಲ್ಲಿ ಇಡಬೇಡಿ. ಆಗಾಗ ರೆಪ್ಪೆಯನ್ನೋ ಬಾಲವನ್ನೋ ಮೆಲ್ಲಗೆ ಮುಟ್ಟಿ, ಅದುರುತ್ತದೆಯೇ ನೋಡಿ. ಚೇತರಿಸಿಕೊಳ್ಳಲು ನಾಲ್ಕು ಗಂಟೆ ಹಿಡಿಯಬಹುದು, ಇಡೀ ಒಂದು ದಿನವೂ ಹಿಡಿಯಬಹುದು.

ತಲೆ ಎತ್ತಿ ಬಲವಾಗಿ ಉಸಿರು ಬಿಟ್ಟು, ರೆಕ್ಕೆ ಬಡಿಯತೊಡಗಿದರೆ ಬಿಡುವ ಹೊತ್ತು ಬಂತು. ಎಂಜಿನ್ ಗೇರು ತೆಗೆದು, ಬಲೆಗಳೆಲ್ಲ ಮೇಲಿವೆಯೇ ನೋಡಿಕೊಂಡು, ದೋಣಿಯ ಹಿಂಬದಿಯಿಂದ ತಲೆ ಮುಂದಾಗಿ ಮೆಲ್ಲಗೆ ನೀರಿಗೆ ಇಳಿಸಿ. ಅದು ದೋಣಿಯಿಂದ ದೂರ ಸರಿದದ್ದು ಕಂಡ ಮೇಲೆ ಗೇರು ಹಾಕಿ.